ಜಿಲೇಬಿ ಬಡಿಸಿದ ಬೆನ್ನು

ಪಂಕ್ತಿಯಲ್ಲಿ ಜಿಲೇಬಿ ಬಡಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನೀರು, ಉಪ್ಪು, ಉಪ್ಪಿನಕಾಯಿಗೆ ಯಾರಾದರೂ ಸಾಕು. ಅನ್ನಕ್ಕೆ ತೋಳಿನಲ್ಲಿ ಬಲವಿದ್ದರೆ ಆಯಿತು. ಸಿಹಿ ಬಡಿಸುವವನು ಮಾತ್ರ ಪ್ರತಿ ಎಲೆಯ ಮುಂದೆ ಸೊಂಟ ಬಗ್ಗಿಸಿ, ಉಣ್ಣುವವರು ಎರಡೂ ಕೈ ಅಡ್ಡ ಹಿಡಿದು ಬೇಡವೆಂದರೂ ಜಗ್ಗದೆ, ಒಂದೇ ಒಂದು ಎನ್ನುತ್ತ ಉಪಚಾರ ಮಾಡಬೇಕು. ಬೇಡ ಎಂದ ಕೂಡಲೇ ಮುಂದಿನ ಎಲೆಗೆ ಹೋಗುವವನನ್ನು ನಮ್ಮ ಕಡೆ ಬಡಿಸುವವನೆಂದು ಕರೆಯುವುದಿಲ್ಲ. ನಮ್ಮ ಬಳಗದಲ್ಲಿ ಈ ಘನವಾದ ಹುದ್ದೆ ಇಪ್ಪತ್ತೈದು ವರ್ಷಗಳಿಂದ ನನ್ನದೇ ಆಗಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಪಾದಿಸದ ಹೆಸರನ್ನು ನಾನು ಜಿಲೇಬಿಯಲ್ಲಿ ಸಂಪಾದಿಸಿದ್ದೆ.

ಹೀಗಿರುವಾಗ ನನ್ನ ಬೆನ್ನು ತಕರಾರು ತೆಗೆಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಮೂರು ಕಂತು ಬೇಕಾಗುತ್ತಿತ್ತು. ಶಿರಸಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಸಂದುಗಳು ಸವೆದಿವೆ, ಅಂಚಿನಲ್ಲಿ ಮುಳ್ಳಿನ ಹಾಗೆ ಎಲುಬು ಬೆಳೆದಿದೆ, ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಹೊಂದಿಕೊಂಡು ಬಾಳಬೇಕು ಎಂದರು. ದಿನವೂ ವ್ಯಾಯಾಮ, ಸ್ವಲ್ಪ ನಡಿಗೆ, ಬಿಸಿನೀರಿನ ಶಾಖ. ಭಾರ ಎತ್ತಬಾರದು. ಬಗ್ಗಿ ಕೆಲಸ ಮಾಡಬಾರದು. ತೀರಾ ಅಗತ್ಯ ಬಿದ್ದಾಗ ಸೊಂಟಕ್ಕೊಂದು ಬೆಲ್ಟು.

ಇಷ್ಟು ಸಲಹೆಗಳಲ್ಲಿ ನನ್ನ ಮನಸ್ಸಿಗೆ ಬಂದದ್ದು ಬೆಲ್ಟು ಒಂದೇ. ವ್ಯಾಯಾಮವನ್ನು ಎರಡು ದಿನ ಮಾಡಿ, ಬೆನ್ನಿಗೆ ನನ್ನ ಶ್ರದ್ಧೆ ಮನವರಿಕೆಯಾಗಿರಬೇಕು ಎಂದುಕೊಂಡು ನಿಲ್ಲಿಸಿದೆ. ಬೆಲ್ಟು ಹಾಕಿದರೆ ಬಗ್ಗಬಹುದು ಎಂಬ ಹೊಸ ಸಿದ್ಧಾಂತವನ್ನು ನಾನೇ ಕಂಡುಹಿಡಿದೆ. ಗಣಿತದ ಮಾಸ್ತರನಲ್ಲವೇ!

ಆ ಬೇಸಿಗೆಯಲ್ಲಿ ಮನ್ಮನೆ ಎಂಬ ಊರಿನಲ್ಲಿರುವ ಅಣ್ಣನ ಮಗಳ ಮದುವೆ. ಆಗ ಮದುವೆಗಳಲ್ಲಿ ಟೇಬಲ್ ಊಟ ಹೊಸದಾಗಿ ಶುರುವಾಗಿತ್ತು. ಗಟ್ಟಿಮುಟ್ಟಾದವರು ಚಪ್ಪರದಡಿ ನೆಲದ ಪಂಕ್ತಿಯಲ್ಲಿ ಕೂರುವುದು. ಮಂಡಿನೋವು, ಸೊಂಟನೋವು, ವೃದ್ಧಾಪ್ಯ ಇರುವವರಿಗೆ ಒಂದು ಮೂಲೆಯಲ್ಲಿ ನಾಲ್ಕು ಟೇಬಲ್ಲು. ಆ ಮೂಲೆಗೆ ಒಮ್ಮೆ ಹೋದವರು ಮರಳಿ ನೆಲಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ನನಗಿನ್ನೂ ಐವತ್ತೆರಡು. ಆ ಮೂಲೆಯನ್ನು ನೋಡಿದರೇ ನನಗೆ ಹೆದರಿಕೆಯಾಗುತ್ತಿತ್ತು.

ಹೊರಡುವ ದಿನ ನನ್ನ ಹೆಂಡತಿ ಸರಸ್ವತಿ ಬೆಲ್ಟನ್ನೂ ನನ್ನನ್ನೂ ನೋಡಿ ಕೇಳಿದಳು, "ಬಗ್ಗಲಾಗ ಹೇಳಿ ಡಾಕ್ಟ್ರು ಹೇಳಿದ್ದು ಮರ್ತು ಹೋತಾ? ಟೇಬಲ್ ಮೇಲೆ ಉಂಡ್ರೆ ಎಂತ ಆಗ್ತು?"

ಎಂತ ಆಗುತ್ತದೆಂದು ಅವಳಿಗೆ ಹೇಗೆ ವಿವರಿಸಲಿ? ಒಂದು ಒಪ್ಪಂದಕ್ಕೆ ಬಂದೆವು. ಮೊದಲ ಪಂಕ್ತಿಗೆ ಪೂರ್ತಿ ಬಡಿಸಿ ನಾನು ನೆಟ್ಟಗೆ ನಿಂತರೆ ಅವಳು ಇನ್ನು ಟೇಬಲ್ಲಿನ ಮಾತೆತ್ತಬಾರದು. ಆಗದಿದ್ದರೆ ನಾನು ಜಿಲೇಬಿಯ ಹರಿವಾಣವನ್ನು ಬಿಟ್ಟುಕೊಟ್ಟು ಅಲ್ಲೇ ಹೋಗಿ ಕೂರಬೇಕು.

ಬೆಲ್ಟನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿ, ಅದು ಕಾಣದ ಹಾಗೆ ಮೇಲೆ ಶಲ್ಯ ಸುತ್ತಿದೆ. ಬಡಿಸುವವರೆಲ್ಲ ಸೊಂಟಕ್ಕೆ ಶಲ್ಯ ಬಿಗಿಯುವುದರಿಂದ ಯಾರಿಗೂ ಸಂಶಯ ಬರಲಿಲ್ಲ. ಎಡಗೈಯಲ್ಲಿ ಹರಿವಾಣ ಹಿಡಿದು ಪಂಕ್ತಿಗೆ ಇಳಿದೆ. ಮೊದಲ ಹದಿನೈದು ಎಲೆಗಳ ತನಕ ನನ್ನ ಸಿದ್ಧಾಂತ ಅಮೋಘವಾಗಿ ನಡೆಯಿತು. ದೂರದಲ್ಲಿ ನಿಂತಿದ್ದ ಸರಸ್ವತಿಯ ಕಡೆ ಒಂದು ವಿಜಯದ ನೋಟವನ್ನೂ ಬೀರಿದೆ. ಆ ನೋಟ ತುಸು ಆತುರದ್ದಾಯಿತು.

ಹದಿನಾರನೆಯ ಎಲೆ ವರನ ದೊಡ್ಡಪ್ಪನದು. ತ್ಯಾಗಲಿ ಊರಿನವರು, ಎಪ್ಪತ್ತು ದಾಟಿದವರು, ಆ ಪಂಕ್ತಿಗೇ ಹಿರಿಯರು. ಟೇಬಲ್ಲಿಗೆ ಬನ್ನಿ ಎಂದು ಕರೆದವರನ್ನು ಗದರಿಸಿ ನೆಲದಲ್ಲಿ ಕೂತಿದ್ದರು. ಆ ಸೆಕೆಯಲ್ಲೂ ಶಾಲು ಹೊದ್ದಿದ್ದರು. ಅವರನ್ನು ತೃಪ್ತಿಪಡಿಸಿದರೆ ಇಡೀ ಬೀಗರ ಕಡೆಯನ್ನು ತೃಪ್ತಿಪಡಿಸಿದಂತೆ. ಹಾಗಾಗಿ ಉಳಿದವರಿಗಿಂತ ನಾಲ್ಕು ಬೆರಳು ಹೆಚ್ಚೇ ಬಗ್ಗಿ, ಜಿಲೇಬಿ ಹಿಡಿದೆ. ಬೆನ್ನಿನಲ್ಲಿ ಏನೋ ಕಳಕ್ ಎಂದಿತು.

ಅಷ್ಟೇ. ನಾನು ಅಲ್ಲೇ ನಿಂತೆ.

ಮೇಲೂ ಇಲ್ಲ, ಕೆಳಗೂ ಇಲ್ಲ. ಅವರು ಎರಡು ಕೈ ಅಡ್ಡ ಹಿಡಿದು ಬೇಡವೆಂದರು. ನಾನು ಕದಲಲಿಲ್ಲ. ಇದೆಂಥ ಒತ್ತಾಯ ಎಂದು ಮೆಚ್ಚಿ ಅವರು ಕೈ ತೆಗೆದರು. ಜಿಲೇಬಿ ಬಿತ್ತು. ಈಗ ಸುಮ್ಮನೆ ಬಗ್ಗಿ ನಿಂತರೆ ಗುಟ್ಟು ರಟ್ಟಾಗುತ್ತದೆ. ಬಗ್ಗಿ ಜಿಲೇಬಿ ಹಿಡಿದು ನಿಂತರೆ ಅದು ಉಪಚಾರ. ಹೀಗೆ ಯೋಚಿಸಿ ಇನ್ನೊಂದು ಹಿಡಿದೆ. ಅವರು ಮತ್ತೆ ಬೇಡವೆಂದರು, ಮತ್ತೆ ಸೋತರು. ಅಕ್ಕಪಕ್ಕದವರು ಹುರಿದುಂಬಿಸಿದರು. ಉಣ್ಣುತ್ತಿದ್ದವರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು ಶ್ಲೋಕವನ್ನೂ ಹೇಳಿದರು. ಇಂಥ ವಿನಯ ಈಗಿನ ಕಾಲದಲ್ಲಿ ಎಲ್ಲಿದೆ ಎಂದು ಯಾರೋ ಹೇಳಿದ್ದು ನನಗೆ ಕೇಳಿಸಿತು. ಆ ವಿನಯದಿಂದ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂಬತ್ತು ಜಿಲೇಬಿ ಆಯಿತು. ನನ್ನ ಹಿಂದೆ ಮಜ್ಜಿಗೆಯವನು ದಾರಿಯಿಲ್ಲದೆ ನಿಂತಿದ್ದ, ಅವನ ಹಿಂದೆ ಅನ್ನದವನು. ಉಳಿದವರೆಲ್ಲ ಹೇಗೋ ಮಜ್ಜಿಗೆ ತರಿಸಿಕೊಂಡು ಉಂಡು ಮುಗಿಸಿ ಕೈ ಒಣಗಿಸುತ್ತ ಕೂತರು. ನಮ್ಮಲ್ಲಿ ಪಂಕ್ತಿಯ ಹಿರಿಯರು ಏಳದೆ ಬೇರೆ ಯಾರೂ ಏಳುವಂತಿಲ್ಲ. ಎರಡನೆಯ ಪಂಕ್ತಿಯವರು ಹಸಿದು ಚಪ್ಪರದ ಕಂಬಗಳಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ಒಂದು ಇಡೀ ಮದುವೆಮನೆ ನನ್ನ ಸೊಂಟದ ಮೇಲೆ ನಿಂತಿತ್ತು.

ಕೊನೆಗೆ ದೊಡ್ಡಪ್ಪನವರು ಮುಖ ಮೇಲೆತ್ತಿ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು, "ಸಾಕು ಮಾರಾಯ. ನೀ ಇನ್ನು ನೆಟ್ಟಗೆ ನಿಂತ್ಕ."

"ನಿಲ್ಲಲೆ ಆಗ್ತಿಲ್ಲೆ ಮಾವ," ಎಂದೆ. "ಸೊಂಟ ಹಿಡಕಂಡಿದ್ದು. ನಿಂಗವೇ ಎದ್ದುಬಿಡಿ."

"ಏಳಲೆ ಆಗಿದ್ರೆ ಒಂಬತ್ತು ಜಿಲೇಬಿ ಎಂತಕ್ಕೆ ತಿಂತಿದ್ದೆ?" ಎಂದು ಅವರು ಶಾಲಿನ ಅಂಚನ್ನು ತುಸು ಸರಿಸಿದರು. ಒಳಗೆ ನನ್ನದರಂಥದೇ ಬೆಲ್ಟು. ಬಣ್ಣವೂ ಅದೇ!

ಕೂತವರಿಗೆ ಏಳಲು ಆಗುತ್ತಿರಲಿಲ್ಲ, ಬಗ್ಗಿದವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಇಬ್ಬರೂ ಮರ್ಯಾದೆಗಾಗಿ ಒಂಬತ್ತು ಜಿಲೇಬಿ ವ್ಯವಹಾರ ನಡೆಸಿದ್ದೆವು. ನಾನು ಬೇರೆ ದಾರಿ ಕಾಣದೆ ಸರಸ್ವತಿಯನ್ನು ಕರೆದೆ. ಅವಳು ಬಂದು ಮೊದಲು ಮಾಡಿದ ಕೆಲಸವೆಂದರೆ ನನ್ನ ಕೈಯಿಂದ ಹರಿವಾಣ ತೆಗೆದುಕೊಂಡದ್ದು. ನಿಜ ಹೇಳುತ್ತೇನೆ, ಆ ಕ್ಷಣ ಬೆನ್ನಿಗಿಂತ ಹೆಚ್ಚು ನೋವಾದದ್ದು ಅದೇ. ಇಪ್ಪತ್ತೈದು ವರ್ಷದ ಹುದ್ದೆ ಮಜ್ಜಿಗೆಯವನ ಕೈಗೆ ಹೋಯಿತು.

ಆಮೇಲೆ ನಾಲ್ಕು ಜನ ಸೇರಿ ಅವರನ್ನು ಕೂತ ಆಕಾರದಲ್ಲೂ ನನ್ನನ್ನು ಬಗ್ಗಿದ ಆಕಾರದಲ್ಲೂ ಎತ್ತಿಕೊಂಡು ಹೋಗಿ ಟೇಬಲ್ಲಿನ ಮೂಲೆಗೆ ಮುಟ್ಟಿಸಿದರು. ನಾನು ಕುರ್ಚಿಗೆ ಸರಿಯಾಗಿ ಹೊಂದಿದೆ, ಅದಕ್ಕೆಂದೇ ಮಡಚಿದಂತಿದ್ದೆ. ಸರಸ್ವತಿ ನನ್ನ ಮುಂದೆ ಬಾಳೆಲೆ ಹಾಕಿ, ಒಂದು ಜಿಲೇಬಿ ಹಿಡಿದಳು. ಬೇಡವೆಂದು ಕೈ ಅಡ್ಡ ಹಿಡಿದೆ. ಅವಳು ತಕ್ಷಣ ಮುಂದೆ ಹೋದಳು.

ಈಗ ದಿನವೂ ಬೆಳಿಗ್ಗೆ ವ್ಯಾಯಾಮ ಮಾಡುತ್ತೇನೆ. ತ್ಯಾಗಲಿ ಮಾವ ವಾರಕ್ಕೊಮ್ಮೆ ಫೋನು ಮಾಡಿ ವಿಚಾರಿಸುತ್ತಾರೆ. ಇಬ್ಬರೂ ತಪ್ಪಿಸಿದ ದಿನಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳುತ್ತೇವೆ. ನೋವು ಹೋಗಿಲ್ಲ, ಆದರೆ ಹಾಸಿಗೆಯಿಂದ ಈಗ ಒಂದೇ ಕಂತಿನಲ್ಲಿ ಏಳುತ್ತೇನೆ. ಬಳಗದವರೂ ನನ್ನನ್ನು ಪೂರ್ತಿ ಕೈಬಿಟ್ಟಿಲ್ಲ. ಮದುವೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಹೊಣೆಯನ್ನು ವಹಿಸಿದ್ದಾರೆ. ಬಗ್ಗುವ ಪ್ರಮೇಯವೇ ಇಲ್ಲದ ಕೆಲಸ. ಸಣ್ಣ ಮಕ್ಕಳು ಬಂದಾಗ ಮಾತ್ರ ಸ್ವಲ್ಪ ತೊಡಕು. ಅವರಿಗೆ ಹಾರಲು ಹೇಳುತ್ತೇನೆ.