ಇಪ್ಪತ್ತು ಬಾಯಿಯ ಕತ್ತೆ

"ನನ್ನ ಕೈಗೇನು ಲಕ್ವಾ ಹೊಡದೈತೇನು?"

ಹೀಗೆ ಕೇಳಿದವನು ಯಂಕೋಬ. ಕೇಳಿದ್ದು ಯಾರನ್ನೂ ಅಲ್ಲ. ಕುಷ್ಟಗಿಯ ಆ ಖಾಸಗಿ ಹೈಸ್ಕೂಲಿನ ಆಫೀಸಿನಲ್ಲಿ ಆಗ ಇದ್ದದ್ದು ಅವನು, ಒಂದು ಹಳೆಯ ಕಂಪ್ಯೂಟರು ಮತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಹುಲಿಗೆಮ್ಮ ದೇವಿ. ಕಂಪ್ಯೂಟರು ಗೊರಗುಟ್ಟಿತು. ತಾಯಿ ಸುಮ್ಮನೆ ನೋಡಿದಳು.

ಸಂಗತಿ ಇಷ್ಟೇ. ಶಾಲೆಗೆ ಇಪ್ಪತ್ತು ಹೊಸ ಕಂಪ್ಯೂಟರುಗಳು ಬಂದಿದ್ದವು. ಪ್ರತಿಯೊಂದರ ಮುಂದೆಯೂ ಕೂತು ಮೊದಲಿನಿಂದ ಎಲ್ಲವನ್ನೂ ತುಂಬುವುದು ದಂಡದ ಕೆಲಸ. ಒಂದನ್ನು ಮಾತ್ರ ಚೊಕ್ಕವಾಗಿ ಅಣಿಗೊಳಿಸಿ, ಅದರ ಪಡಿಯಚ್ಚು ತೆಗೆದು ಉಳಿದವಕ್ಕೆ ಇಳಿಸಿದರಾಯಿತು. ಮೊದಲನೆಯದು ಮಾಸ್ಟರ್, ಪಡಿಯಚ್ಚು ಇಮೇಜ್. ಮಾಸ್ಟರಿನಲ್ಲಿ ಗುಣವಿದ್ದರೆ ಎಲ್ಲದರಲ್ಲೂ ಗುಣ, ಕೊಳೆಯಿದ್ದರೆ ಎಲ್ಲದರಲ್ಲೂ ಕೊಳೆ.

ಈ ಕೆಲಸವನ್ನು ಹೆಡ್‌ಮೇಡಂ ಅನ್ನಪೂರ್ಣ ಒಪ್ಪಿಸಿದ್ದು ಹೋದ ವರ್ಷವಷ್ಟೇ ಸೇರಿದ ಗೋವಿಂದರಾಜನಿಗೆ. ಸಂಜೆ ಉದ್ಘಾಟನೆ. ಮಾಡಿದವನಿಗೆ ಸಂಸ್ಥೆಯ ಅಧ್ಯಕ್ಷರ ಕೈಯಿಂದ ಶಾಲು, ಜೊತೆಗೆ ಲ್ಯಾಬಿನ ಕೀಲಿಕೈ. ಶಾಲೆ ತೆರೆದಂದಿನಿಂದ ಅಂಕಪಟ್ಟಿ ಟೈಪು ಮಾಡುತ್ತ ಬಂದ ಯಂಕೋಬ ಆ ಕೀಲಿಕೈ ತನ್ನ ಸೊಂಟದಲ್ಲೇ ಗಲ್ ಗಲ್ ಎಂದಂತೆ ಎಷ್ಟು ಸಲ ಕನಸು ಕಂಡಿದ್ದನೋ. ಈಗ ಅವನ ಹೊಟ್ಟೆಯೊಳಗೆ ಕಾದ ಎಣ್ಣೆಗೆ ಬಿಟ್ಟ ಮಿರ್ಚಿ ಬಜಿಯಂತೆ ಏನೋ ಹೊರಳಿ ಹೊರಳಿ ಕೆಂಪಾಗುತ್ತಿತ್ತು.

ಅದಕ್ಕೆ ಉರಿ ಹೆಚ್ಚಿಸಲೆಂದೇ ಹಿಂದಿ ಟೀಚರ್ ಹಜರತಬೀ ಒಳಗೆ ಬಂದರು.

"ಯಂಕೋಬ ಸರ್, ಲ್ಯಾಬಿಗೆ ಹೋಗಿ ನೋಡಿದ್ರೇನ್ರಿ? ಆ ಗೋವಿಂದರಾಜ ಏನ್ ಹುಷಾರ್ ಅದಾನ್ರಿ! ಒಂದು ಮಷಿನ್ ತಯಾರ್ ಮಾಡ್ಯಾನ, ಹೊಸ ಮದುಮಗಳ ಹಂಗ ಐತಿ."

"ಹೌದೇನ್ರಿ? ಭಾಳ ಖುಷಿ ಆತು," ಎಂದ ಯಂಕೋಬ. ಬೇವಿನ ಕಷಾಯ ಕುಡಿದವನೂ ಇದಕ್ಕಿಂತ ಖುಷಿಯಾಗಿ ಕಾಣುತ್ತಾನೆ.

"ಮೇಡಂ ಅಂದ್ರು, ಇಂಥವ್ರು ಮೊದಲ ಸಿಕ್ಕಿದ್ರ ಶಾಲಿ ಎಲ್ಲೋ ಇರ್ತಿತ್ತು ಅಂತ."

ಅಷ್ಟು ಸಾಕಾಯಿತು. ಊಟದ ಬಿಡುವಿನಲ್ಲಿ ಗೋವಿಂದರಾಜ ಬುತ್ತಿ ಹಿಡಿದು ಬೇವಿನ ಮರದ ಕೆಳಗೆ ಹೋದ ಕೂಡಲೇ ಯಂಕೋಬ ಲ್ಯಾಬಿಗೆ ನುಗ್ಗಿದ. ಮಾಸ್ಟರು ಹಣೆಗೆ ಕುಂಕುಮ ಹಚ್ಚಿಕೊಂಡು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಕುಳಿತಿತ್ತು. ಅದನ್ನು ಕೆಡಿಸಿಬಿಡಲು ಅವನಿಗೆ ಮನಸ್ಸಾಗಲಿಲ್ಲ; ಪಾಪದ ಭಯ. ನಗೆಪಾಟಲು ಮಾಡಿದರೆ ಸಾಕು. ಕಂಪ್ಯೂಟರು ಶುರುವಾಗುವಾಗ ಒಂದು ಇಂಪಾದ ಸದ್ದು ಬರುತ್ತದಲ್ಲ, ಅದರ ಜಾಗದಲ್ಲಿ ಕತ್ತೆ ಒದರಿದರೆ? ಅಧ್ಯಕ್ಷರು ಗುಂಡಿ ಒತ್ತಬೇಕು, ಗೋವಿಂದರಾಜನ ಮದುಮಗಳು ಒದರಬೇಕು!

ಕತ್ತೆಯನ್ನು ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ. ಚಿಕ್ಕಂದಿನಲ್ಲಿ ಓಣಿಯವರೆಲ್ಲ ಅವನ ಬಾಯಲ್ಲಿ ಹೇಳಿ ಒದರಿಸುತ್ತಿದ್ದದ್ದು ಕತ್ತೆಯ ಕೂಗನ್ನೇ. ಇಂಗ್ಲಿಷ್ ಪಾಠಕ್ಕೆಂದು ತಂದಿದ್ದ ಮೈಕನ್ನು ಬಾಯಿಗೆ ಹಿಡಿದ. ಮೆಲ್ಲಗೆ ಒದರಿ ನೋಡಿದ, ಬೆಕ್ಕಾಯಿತು. ಇನ್ನಷ್ಟು ಏರಿಸಿದ, ಹೋತವಾಯಿತು. ರೆಕಾರ್ಡಿಂಗ್ ಚಾಲೂ ಮಾಡಿ, ಹೊಟ್ಟೆಯಲ್ಲಿದ್ದ ಉರಿಯನ್ನೆಲ್ಲ ಒಟ್ಟುಗೂಡಿಸಿ ಕಣ್ಣು ಮುಚ್ಚಿ ಒದರಿದಾಗ ಮಾತ್ರ ಅಪ್ಪಟ ಕತ್ತೆ ಹೊರಬಂತು.

ಧಡ್ ಎಂದು ಬಾಗಿಲು ತೆರೆಯಿತು. ಆಯಾ ಕಳಕಮ್ಮ ಕಸಬರಿಗೆ ಎತ್ತಿ ನಿಂತಿದ್ದಳು.

"ಯವ್ವಾ ಹುಲಿಗೆಮ್ಮಾ!" ಎಂದು ಬೆಚ್ಚಿ ಚೀರಿದ ಯಂಕೋಬ, ಬೆನ್ನ ಹಿಂದಿನ ಕೈಯಿಂದ ಮೌಸ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಬೆಚ್ಚಿದಾಗಲೆಲ್ಲ ಅವನ ಬಾಯಿಗೆ ಬರುತ್ತಿದ್ದದ್ದು ಆ ಒಂದೇ ಮಾತು.

"ಸರ್, ಕತ್ತಿ ಎಲ್ಲಿ ಐತ್ರಿ?"

"ಹೋ... ಹೋತು ಬೇ. ಕಿಡಿಕ್ಯಾಗ ಜಿಗದು ಹೋತು."

"ಕಿಡಿಕಿಗೆ ಸರಳು ಅದಾವಲ್ರಿ?"

"ಬಡಕಲು ಕತ್ತಿ ಇತ್ತು," ಎಂದು ಹೇಳಿ, ಅದೇ ಕೈಯಿಂದ ಮತ್ತೆ ಮೌಸ್ ಒತ್ತಿ ಸದ್ದನ್ನು ಅದರ ಜಾಗದಲ್ಲಿ ಕೂರಿಸಿ ಹೊರಬಿದ್ದ. ಕಳಕಮ್ಮನ ಮುಂದೆ ಇನ್ನೊಮ್ಮೆ ಕೇಳಿಸಿ ನೋಡುವುದು ಹೇಗೆ?

ಊಟ ಮುಗಿಸಿ ಬಂದ ಗೋವಿಂದರಾಜ ಬಾಗಿಲು ಹಾಕಿಕೊಂಡು ಇಮೇಜ್ ತೆಗೆದ, ಎಲ್ಲದಕ್ಕೂ ಇಳಿಸಿದ. ಹೊರಬಂದಾಗ ಅವನ ಮುಖದಲ್ಲಿ ಏನೂ ತೋರಲಿಲ್ಲ. ಅವನಿಗೇನೂ ತಿಳಿದಿಲ್ಲ ಎಂದುಕೊಂಡ ಯಂಕೋಬ ಆಫೀಸಿನಲ್ಲಿ ಕೂತು ಮೂಗಿನಲ್ಲೇ ಹಾಡಿಕೊಂಡ.

ಸಂಜೆ ಅಧ್ಯಕ್ಷ ಪಕ್ಕೀರಪ್ಪನವರು ರುಮಾಲು ಸುತ್ತಿ ಬಂದರು. ದೊಡ್ಡ ದೈವಭಕ್ತರು, ಕಿವಿ ತುಸು ಮಂದ. ಕಾಯಿ ಒಡೆದು ಮಾಸ್ಟರಿನ ಗುಂಡಿ ಒತ್ತಿದರು. ಉಳಿದವುಗಳ ಮುಂದೆ ಕೂತಿದ್ದ ಮಕ್ಕಳೂ ಒತ್ತಿದರು.

ಮೊದಲು ಒಂದು ಒದರಿತು. ಅದಕ್ಕೆ ಓಗೊಟ್ಟು ಇನ್ನೊಂದು. ಆಮೇಲೆ ಇಪ್ಪತ್ತೂ ಸೇರಿ, ಸಂತೆ ಮುಗಿಸಿ ಮನೆಗೆ ಹೊರಟ ಹಿಂಡಿನಂತೆ, ಹಿಂದೆ ಮುಂದೆ ಒದರಿದವು. ಯಂಕೋಬ ಬಾಯಿಗೆ ಕರ್ಚೀಪು ತುರುಕಿಕೊಂಡ. ಆಗ ಕತ್ತೆಗಳು ನಿಂತು, ಇಪ್ಪತ್ತು ಕಡೆಯಿಂದ ಅವನದೇ ದನಿ ಚೀರಿತು: "ಯವ್ವಾ ಹುಲಿಗೆಮ್ಮಾ!"

ಕರ್ಚೀಪು ಕೆಳಗೆ ಬಿತ್ತು.

"ಇದು ನಮ್ಮ ಯಂಕೋಬ ಸರ್ ದನಿ ಅಲ್ಲೇನ್ರಿ?" ಎಂದರು ಹಜರತಬೀ.

"ಮಧ್ಯಾಹ್ನ ಬಂದಿದ್ದ ಕತ್ತಿನೂ ಇದೇ ರೀ!" ಎಂದಳು ಕಳಕಮ್ಮ.

ಮಕ್ಕಳು ಬೆಂಚಿನಿಂದ ಜಾರಿ ಬಿದ್ದು ನಕ್ಕರು. ಪಕ್ಕೀರಪ್ಪನವರು ಮಾತ್ರ ಕಣ್ಣು ಮುಚ್ಚಿ ಕೈ ಮುಗಿದಿದ್ದರು.

"ಆಹಾ! ಮೊದಲು ಶಂಖಾ ಊದಿ, ಆಮ್ಯಾಲೆ ತಾಯಿ ಹೆಸರು ತಗೊಂಡು ಕೆಲಸಾ ಚಾಲೂ ಮಾಡ್ತಾವಲ್ಲ! ಯಾರು ಮಾಡಿದವ್ರು? ಗೋವಿಂದರಾಜಾ, ಬಾರಪಾ ಇಲ್ಲಿ. ದಿನಾ ಮುಂಜಾನಿ ಹಿಂಗ ಆಗಬೇಕು ನೋಡು."

ಶಾಲು ಗೋವಿಂದರಾಜನಿಗೆ ಹೋಯಿತು. ಕೀಲಿಕೈ ಹೋಯಿತು. ಯಂಕೋಬ ಹೊರಗೆ ಬಂದರೆ ಎಂಟನೆಯ ತರಗತಿಯ ಹುಡುಗರ ಹಿಂಡು ಅವನನ್ನು ಕಂಡದ್ದೇ "ಯವ್ವಾ ಹುಲಿಗೆಮ್ಮಾ!" ಎಂದು ಕೂಗಿ ಕಾಲ್ಕಿತ್ತಿತು. ನಾಳೆಯೂ ಕೂಗುತ್ತದೆ, ನಾಡಿದ್ದೂ.

ಎಲ್ಲರೂ ಹೋದ ಮೇಲೆ ಯಂಕೋಬ ಲ್ಯಾಬಿಗೆ ಬಂದು ತಲೆ ತಗ್ಗಿಸಿ ನಿಂತ. ಗೋವಿಂದರಾಜ ಹೊದ್ದ ಶಾಲಿನಲ್ಲೇ ಸ್ವಿಚ್ಚುಗಳನ್ನು ಆರಿಸುತ್ತಿದ್ದ.

"ತಮ್ಮಾ, ನಂದು ತಪ್ಪಾತು. ಮಾಸ್ಟರ್‌ನ್ಯಾಗ ಅದನ್ನ ತಗದು, ಮತ್ತೊಮ್ಮಿ ಇಮೇಜ್ ಇಳಸು. ಶಂಖಾ ಬೇಕಂದ್ರ ಖರೇ ಶಂಖಾನ ಹಾಕು. ನಿನ್ನ ಕೈ ಮುಗೀತೀನಿ."

"ಊಟದ ಮ್ಯಾಲೆ ಬಂದು ಚಾಲೂ ಮಾಡಿದಾಗನ ಕೇಳೀನ್ರಿ ಸರ್."

"ಕೇಳಿದ್ಯಾ? ಮತ್ತ ಯಾಕ ತಗೀಲಿಲ್ಲೋ?"

"ಈ ಲ್ಯಾಬಿನ್ಯಾಗ ತಮ್ಮದೇನೂ ಇಲ್ಲಂತ ತಾವು ಭಾಳ ನೊಂದಿದ್ರಿ. ಈಗ ನೋಡ್ರಿ, ಶಾಲು ನಂದೊಂದ ಐತಿ. ತಾವು ಇಪ್ಪತ್ತರಾಗೂ ಅದೀರಿ."

"ನನ್ನ ದನಿ ಅಷ್ಟರ ಕತ್ತರಸೋ ತಮ್ಮಾ. ಬರೇ ಕತ್ತಿ ಇರಲಿ."

ಗೋವಿಂದರಾಜ ಕೊನೆಯ ಸ್ವಿಚ್ಚು ಆರಿಸಿ, ಬಾಗಿಲಿಗೆ ಕೀಲಿ ಹಾಕಿದ.

"ಇಲ್ರಿ ಸರ್. ತಗಿಯೂದಿಲ್ಲ."