ಹೆಸರು ಹೇಳದ ಮೊರೆ

ಬಾಗಿಲು ಬಡಿಯುವ ಸದ್ದು ಮೂರನೆಯ ಸಲ ಕೇಳಿದಾಗ ಹರಿನಾಥ ಎದ್ದ. ಹೊರಗೆ ಕತ್ತಲೆಯಲ್ಲಿ ನಾಲ್ವರು ಖಾಕಿಯವರು, ಎರಡು ಟಾರ್ಚು. ಯಾರು, ಯಾಕೆ ಎಂಬ ಮಾತಿಲ್ಲ.

"ಗುಡ್ಡೆಯ ಬದಿಯ ಆ ಹಲಸಿನ ಮರ ಯಾರದ್ದು?"

ನಿದ್ದೆಗಣ್ಣಿನಲ್ಲೂ ಹರಿನಾಥನ ಎದೆ ಉಬ್ಬಿತು. ಆ ಮರ ನಿಂತಿದ್ದ ಆರಡಿ ಅಗಲದ ಜಾಗಕ್ಕಾಗಿ ಅವನು ನೆರೆಯ ಲತೇಶನೊಡನೆ ಎಂಟು ವರ್ಷ ಹೋರಾಡಿ, ಈ ಸಲದ ಮರು ಅಳತೆಯಲ್ಲಿ ಗೆದ್ದಿದ್ದ.

"ನನ್ನದು! ಬುಡದಿಂದ ತುದಿಯವರೆಗೆ ನನ್ನದೇ!" ಎಂದವನು, ಯಾರೂ ಕೇಳದಿದ್ದರೂ ಒಳಗೆ ಓಡಿ ಅಳತೆಯ ನಕ್ಷೆಯನ್ನು ತಂದು ಟಾರ್ಚಿನ ಬೆಳಕಿಗೆ ಹಿಡಿದ.

"ಒಳ್ಳೆಯದಾಯಿತು. ಇಲ್ಲೊಂದು ಸಹಿ ಹಾಕಿ," ಎಂದ ಅಧಿಕಾರಿ, ಸಹಿ ಬಿದ್ದ ಮೇಲೆ ಚೀಲದಿಂದ ತುಕ್ಕು ಹಿಡಿದ ತಂತಿಯ ಉರುಳೊಂದನ್ನು ಎತ್ತಿದರು. "ಕಾಡುಹಂದಿಗೆ ಕಟ್ಟಿದ್ದು. ನಿಮ್ಮ ಮರದ ಬುಡದಲ್ಲೇ ಸಿಕ್ಕಿತು. ನಾಳೆ ಸಂಜೆ ನಾಲ್ಕಕ್ಕೆ ಫಾರೆಸ್ಟ್ ಆಫೀಸಿಗೆ ಬನ್ನಿ."

"ಸಾರ್, ಯಾರು ದೂರು ಕೊಟ್ಟದ್ದು?"

"ಅದನ್ನೆಲ್ಲ ಹೇಳ್ಲಿಕ್ಕಿಲ್ಲ."

ಜೀಪು ಇಳಿಜಾರು ದಾಟುವವರೆಗೂ ಹರಿನಾಥ ನಕ್ಷೆಯನ್ನು ಬೀಸಣಿಗೆಯಂತೆ ಹಿಡಿದು ನಿಂತಿದ್ದ. ಅವನು ಕನ್ನಡ ಶಾಲೆಯೊಂದರ ಜವಾನ. ನಿವೃತ್ತಿಗೆ ಇನ್ನು ಎರಡೇ ವರ್ಷ. ಕೇಸು ಬಿದ್ದರೆ ಕೆಲಸದಿಂದ ಅಮಾನತು, ಜೈಲಾದರೆ ಕೆಲಸವೇ ಇಲ್ಲ.

"ಇದು ಲತೇಶನದ್ದೇ ಕೆಲಸ," ಎಂದ ಹೆಂಡತಿಯೊಡನೆ. "ಅಳತೆ ಮುಗಿದ ದಿವಸ ದೈವದ ಎದುರು ಕೈ ಹಿಡಿದು ಇನ್ನು ಹಗೆ ಇಲ್ಲ ಅಂದ. ಈಗ ಬೆನ್ನಿಗೆ ಚೂರಿ ಹಾಕಿದ, ದ್ರೋಹಿ! ನಾನು ಬಿಡುವುದಿಲ್ಲ."

"ಸೇಡು ತೀರಿಸಿದ್ರೆ ಕೇಸು ಹೋಗ್ತದಾ?" ಎಂದಳು ಶಂಕರಿ.

"ಕೇಸು ಹೋಗದಿದ್ರೂ ನನಗೆ ನಿದ್ದೆ ಬರ್ತದೆ."

ಲತೇಶನಿಗೆ ಸಿಟ್ಟಿರಲು ಕಾರಣವೇನೋ ಇತ್ತು. ಹಿಂದಿನ ವರ್ಷ ಜಗಳದ ಕಾವಿನಲ್ಲಿ ಹರಿನಾಥ ಬೋವಿಕಾನದ ಪೇಟೆಯಲ್ಲಿ ಟೈಪು ಮಾಡುವವನೊಬ್ಬನ ಎದುರು ಕುಳಿತು, "ಇವನ ಮೇಲೆ ಎಂತೆಲ್ಲ ಬರೀಲಿಕ್ಕೆ ಆಗ್ತದೋ ಅದೆಲ್ಲ ಬರಿ ಮಾರಾಯ," ಎಂದು ಹದಿನೇಳು ಸರಕಾರಿ ಕಚೇರಿಗಳಿಗೆ, ಅಲ್ಲಿ ನಡೆಯುವ ಭಾಷೆಯಾದ ಮಲಯಾಳದಲ್ಲಿ, ಅರ್ಜಿ ಬರೆಸಿದ್ದ. ಅವನಿಗೆ ಮಲಯಾಳದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ; ತೋರಿಸಿದಲ್ಲೆಲ್ಲ ಸಹಿ ಗೀಚಿ ಬಂದಿದ್ದ. ಒಂದು ಕಚೇರಿಯಿಂದಲೂ ಕೆಮ್ಮಿದ ಸದ್ದು ಸಹ ಬರಲಿಲ್ಲ.

ಬೆಳಗಾಗುತ್ತಲೇ ಹರಿನಾಥ ಒಂದು ಕುಡ್ತೆ ಎಣ್ಣೆ ಹಿಡಿದು ದೈವಸ್ಥಾನಕ್ಕೆ ಹೋದ. ಅಲ್ಲಿ ದೀಪ ಇಡುವ ಮಹಾಲಿಂಗಣ್ಣನಲ್ಲದೆ ಐದಾರು ಮಂದಿ ಇದ್ದರು. ಅವರೆಲ್ಲರಿಗೂ ಕೇಳುವಂತೆ ಅವನು ಮೊರೆಯಿಟ್ಟ:

"ನನ್ನ ಮೇಲೆ ದೂರು ಕೊಟ್ಟವನ ಕಾಲು ಮುರಿಯಲಿ! ಅವನ ಮನೆಯವರು ಕಣ್ಣೀರು ಹಾಕಲಿ! ಇವತ್ತು ಸೂರ್ಯ ಮುಳುಗುವ ಮೊದಲು ಅವನ ಹೆಸರು ನನಗೆ ಗೊತ್ತಾಗಲಿ!"

ಮಹಾಲಿಂಗಣ್ಣನ ಕೈಯ ಬತ್ತಿ ಜಾರಿತು. "ಹೆಸರು ಗೊತ್ತಿಲ್ಲದೆ ಮೊರೆ ಇಡ್ಲಿಕ್ಕಿಲ್ಲ ಮಾರಾಯ! ಇಟ್ಟದ್ದನ್ನು ಹಿಂದೆ ತೆಗೀಬೇಕಾದ್ರೆ, ಇಟ್ಟವನೂ ತಪ್ಪು ಮಾಡಿದವನೂ ಇಲ್ಲಿ ಒಟ್ಟಿಗೆ ನಿಂತು ಕೈ ಮುಗೀಬೇಕು."

"ಹಿಂದೆ ತೆಗೆಯುವ ಪ್ರಶ್ನೆಯೇ ಇಲ್ಲ."

ಸುದ್ದಿ ಅವನಿಗಿಂತ ಮೊದಲೇ ಅವನ ಊರಾದ ನೆಕ್ರಾಜೆಯ ಅಂಗಡಿಗಳನ್ನು ತಲುಪಿತ್ತು. ದಿನಸಿ ಅಂಗಡಿಯ ಮಮ್ಮಾಲಿ ಅವನನ್ನು ಕಂಡದ್ದೇ ಬಟ್ಟೆ ಸುತ್ತಿದ ಬೆರಳನ್ನು ಬೆನ್ನ ಹಿಂದೆ ಅಡಗಿಸಿದ. "ಇದು ಮೀನು ಕೊಯ್ಯುವಾಗ ಆದದ್ದು ಹರಿನಾಥಣ್ಣ! ಮೊನ್ನೆಯದ್ದು! ಬೇಕಾದ್ರೆ ನನ್ನ ಹೆಂಡತಿ ಶರೀಫಾಳನ್ನು ಕೇಳಿ." ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ, "ಅಂಗಡಿಗೆ ಬರುವ ನಿಮ್ಮ ಪೇಪರನ್ನು ದಿನಾ ನಾನೇ ಮೊದಲು ಓದುವುದು. ಅದಕ್ಕೂ ಕಾಲು ಮುರೀತದಾ?"

ನಿವೃತ್ತ ಮಾಸ್ತರ ಗೌರೀಶಂಕರರು ಊದಿದ ಕೆನ್ನೆಗೆ ಮಫ್ಲರು ಸುತ್ತಿ, ಸುಡುವ ಬಿಸಿಲಿನಲ್ಲಿ ಗಂಟು ಕಟ್ಟಿದ ಹಲಸಿನ ಹಣ್ಣಿನಂತೆ ಬಂದರು. "ಇದು ಬರೀ ಹಲ್ಲುನೋವು. ಊರಿನಲ್ಲಿ ಹೇಳಿಬಿಡು." ಹತ್ತು ಗಂಟೆಯ ಹೊತ್ತಿಗೆ ನೆಕ್ರಾಜೆಯಲ್ಲಿ ಒಬ್ಬರೂ ಕುಂಟುತ್ತಿರಲಿಲ್ಲ, ಪಾದದಲ್ಲಿ ಆಣಿಯಿದ್ದವರೂ ಸೈನಿಕರಂತೆ ನಡೆಯುತ್ತಿದ್ದರು.

ಹನ್ನೊಂದಕ್ಕೆ, ರಸ್ತೆಗೆ ಹೋಗಿದ್ದ ಮಮ್ಮಾಲಿ ಅಂಗಡಿಗೆ ಓಡಿಬಂದ. "ಹರಿನಾಥಣ್ಣ, ಲತೇಶ ಗುಡ್ಡೆಯಿಂದ ಬಿದ್ದನಂತೆ. ಕಾಲು ಮುರಿದಿದೆ! ಆಟೋದಲ್ಲಿ ಆಸ್ಪತ್ರೆಗೆ ಕೊಂಡುಹೋದ್ರು."

ಅಂಗಡಿಯೊಳಗಿನ ಅಷ್ಟೂ ಜನ ಒಮ್ಮೆಲೇ ಉಸಿರುಬಿಟ್ಟರು. ಅಪರಾಧಿ ಸಿಕ್ಕಿದ್ದ, ಉಳಿದವರು ಇನ್ನು ಬೇಕಾದಂತೆ ಕುಂಟಬಹುದಿತ್ತು.

ದೈವ ತನ್ನ ಪಾಲಿನ ಕೆಲಸ ಮಾಡಿತ್ತು. ಹರಿನಾಥನಿಗೆ ಅಷ್ಟು ಸಾಲಲಿಲ್ಲ. ಎರಡು ಮನೆಗಳ ಅಜ್ಜಂದಿರು ಸೇರಿ ಗುಡ್ಡೆಯ ಒಡಲಿಗೆ ಕೊರೆಸಿದ್ದ ಸುರಂಗದಿಂದ ಎರಡೂ ಮನೆಗೆ ನೀರಿನ ಪೈಪುಗಳು ಇಳಿಯುತ್ತಿದ್ದವು. ಅವನು ಕತ್ತಿ ಹಿಡಿದು ಹತ್ತಿದ. ಲತೇಶನ ಪೈಪನ್ನು ಮೂರು ಕಡೆ ಕಡಿದ. ಕೆಳಗಿನ ಆ ಮನೆಯಲ್ಲಿ ಲತೇಶನ ಹೆಂಡತಿ, ಬಾಣಂತಿ ಉಜ್ವಲಾ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ನೋಡುತ್ತಿದ್ದಂತೆ ನಲ್ಲಿಯ ಧಾರೆ ದಾರವಾಯಿತು, ದಾರ ಹನಿಯಾಯಿತು, ಹನಿ ನಿಂತಿತು. ಆಕೆ ನಲ್ಲಿಯನ್ನು ತಿರುಗಿಸಿ ತಿರುಗಿಸಿ ಸೋಲುವುದನ್ನು ಹರಿನಾಥ ಪೊದೆಯ ಮರೆಯಲ್ಲಿ ನಿಂತು ಕಂಡ. ಬರಬೇಕಾಗಿದ್ದ ಸಂತೋಷ ಯಾಕೋ ದಾರಿ ತಪ್ಪಿತ್ತು.

ನಾಲ್ಕು ಗಂಟೆಗೆ ಅವನು ಫಾರೆಸ್ಟ್ ಆಫೀಸು ತಲುಪಿದಾಗ, ಬೆಂಚಿನ ಮೇಲೆ ಬಿಳಿಯ ಪ್ಲಾಸ್ಟರಿನ ಕಾಲು ಚಾಚಿ ಲತೇಶ ಕುಳಿತಿದ್ದ.

"ನಿಮ್ಮ ಮೊರೆಯ ಸಂಗತಿ ಕೇಳಿದೆ ಹರಿನಾಥಣ್ಣ," ಎಂದ. "ಆ ಉರುಳು ಕಟ್ಟಿದ್ದು ನಾನು. ಮರ ನನ್ನ ಕೈಯಲ್ಲಿದ್ದಾಗ. ಬಿಚ್ಚಲಿಕ್ಕೆ ಮರೆತುಹೋಯ್ತು. ನಿಮ್ಮ ತಲೆಗೆ ಬರುವುದು ಬೇಡ ಅಂತ ಬೆಳಿಗ್ಗೆಯೇ ಇಲ್ಲಿಗೆ ಹೊರಟಿದ್ದೆ, ಗಡಿಬಿಡಿಯಲ್ಲಿ ಜಾರಿದೆ. ಆದರೆ ದೂರು ಕೊಟ್ಟದ್ದು ನಾನಲ್ಲ. ನನ್ನ ಕೂಸಿನ ಆಣೆ."

ಹರಿನಾಥ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

ಅಧಿಕಾರಿ ಹೇಳಿಕೆ ಬರೆದುಕೊಂಡು ಫೈಲು ಮುಚ್ಚಿದರು. "ಕಟ್ಟಿದವರು ಇವರು. ಜಾಗ ನಿಮ್ಮದು, ನಕ್ಷೆ ಸಮೇತ ಒಪ್ಪಿದ್ದೀರಿ. ಇಬ್ಬರ ಮೇಲೂ ಕೇಸು." ಪಕ್ಕದ ಕೋಣೆಯಿಂದ ಕರೆ ಬಂತು, ಅವರು ಎದ್ದುಹೋದರು.

ಅದೇ ಹೊತ್ತಿಗೆ ಲತೇಶನ ಜೇಬಿನಲ್ಲಿ ಮೊಬೈಲು ಅತ್ತಿತು. ಕೇಳಿ ಇಟ್ಟವನ ಮುಖ ಕಪ್ಪಿಟ್ಟಿತು. "ನಮ್ಮ ಸುರಂಗದ ಪೈಪನ್ನು ಯಾರೋ ಕಡಿದಿದ್ದಾರಂತೆ ಅಣ್ಣ. ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ. ಉಜ್ವಲಾ ಅಳ್ತಾ ಇದ್ದಾಳೆ. ನಮ್ಮಿಬ್ಬರನ್ನೂ ಹಾಳು ಮಾಡುವವನು ಒಬ್ಬನೇ ಇರಬೇಕು."

"ಇರಬೇಕು," ಎಂದ ಹರಿನಾಥ ಗೋಡೆ ನೋಡುತ್ತ. ಮತ್ತೆ ಒಮ್ಮೆಲೇ ಮೇಜಿನ ಮೇಲಿದ್ದ ಫೈಲನ್ನು ಎಳೆದು ತೆರೆದ. ಹಳೆಯ ಕಾಗದದಲ್ಲಿ ಟೈಪು ಮಾಡಿದ, ಜಿಲೇಬಿ ಸುತ್ತಿದಂತಹ ಅಕ್ಷರಗಳು. "ನಿನಗೆ ಮಲಯಾಳ ಓದ್ಲಿಕ್ಕೆ ಬರ್ತದಲ್ಲ. ದೂರು ಕೊಟ್ಟವನ ಹೆಸರು ಓದು ಲತೇಶ. ಬೇಗ! ಹೊತ್ತು ಮುಳುಗುವ ಮೊದಲು ಅವನನ್ನು ಎಳೆದುಕೊಂಡು ಹೋಗಿ ದೈವದ ಎದುರು ನಿಲ್ಲಿಸುವ."

ಲತೇಶ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊದಲ ಸಾಲು ಓದಿದ. ತಲೆಯೆತ್ತಿ ಹರಿನಾಥನನ್ನು ನೋಡಿದ. ಆಮೇಲೆ ಅವನ ಅಂಗಿಯ ತೋಳಿಗೆ ಅಂಟಿದ್ದ ಕರಿಯ ಪೈಪಿನ ಚೂರನ್ನು ನೋಡಿದ. ಮತ್ತೆ ಅದೇ ಸಾಲನ್ನು, ಈ ಸಲ ಗಟ್ಟಿಯಾಗಿ ಓದಿದ.

"ದೂರುದಾರ: ಹರಿನಾಥ, ಶಾಲಾ ಜವಾನ, ನೆಕ್ರಾಜೆ."