ರುಚಿ ನೋಡದೆ ಹಾಕುವ ಉಪ್ಪು

ನಾನು ಮೊದಲ ಸಲ ಹೊರಟು ಹೋದದ್ದು ಒಂದು ಸೋಮವಾರ. ಏಳನೇ ಕ್ಲಾಸಿನ ಗಣಿತ ಪರೀಕ್ಷೆ. ಶಾಲೆಯ ಗೇಟಿನ ತನಕ ಹೋಗಿ, ‘ಇದು ನನ್ನಿಂದ ಆಗುವುದಲ್ಲ’ ಎಂದುಕೊಂಡು ಕುಂದಾಪುರದ ಬಸ್ಸು ಹತ್ತಿದೆ. ಆಮೇಲೆ ಅದೇ ಮಾತು ಹೇಳಿ ಕಲ್ಲುಕೋರೆ ಬಿಟ್ಟೆ, ಜೆರಾಕ್ಸ್ ಅಂಗಡಿ ಬಿಟ್ಟೆ, ಶಿರ್ವದಲ್ಲಿ ಒಬ್ಬರ ತೋಟ ಬಿಟ್ಟೆ. ಹೀಗೆ ಊರೂರು ಓಡುವವನಿಗೆ ಒಂದು ಲಾಭ ಉಂಟು: ಕೂತವರಿಗೆ ಕಾಣದ ಚೋದ್ಯಗಳು ದಾರಿಯಲ್ಲಿ ಕಾಣುತ್ತಲೇ ಇರುತ್ತವೆ. ನಲವತ್ತು ದಾಟಿದ ಮೇಲೆ ಉಡುಪಿಯಲ್ಲಿ ಒಂದು ಅಡುಗೆ ತಂಡ ಸೇರಿದೆನಲ್ಲ, ಅಲ್ಲಿ ಕಂಡದ್ದು ಮಾತ್ರ ಬೇರೆ ಎಲ್ಲಿಯೂ ಕಂಡದ್ದಲ್ಲ. ಜನಿವಾರ ಒಂದು ಬಿಟ್ಟರೆ ಅಡುಗೆಯವನ ಲಕ್ಷಣ ನನ್ನಲ್ಲಿ ಏನೂ ಇರಲಿಲ್ಲ.

೧. ಏಳು ಸ್ನಾನ

ತಂಡದ ಮುಖ್ಯಸ್ಥರು ಭಟ್ರು. ಅರುವತ್ತೈದರ ಪ್ರಾಯ, ಮಾತು ಕಡಿಮೆ. ಪೂಜೆಯ ಊಟಕ್ಕೆ ಮಡಿಯಲ್ಲೇ ಅಡುಗೆ. ದೇವರಿಗೆ ನೈವೇದ್ಯ ಆಗುವ ಮೊದಲು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಪರಿಮಳದಲ್ಲೇ ತಿಳಿಯಬೇಕು. ಐನೂರು ಜನರ ಸಾರನ್ನು ರುಚಿ ನೋಡದೆ ಮಾಡುವುದೆಂದರೆ! ಮೊದಲ ದಿನ ನಾನು ಕೆಲಸ ಬಿಟ್ಟು ಅವರನ್ನೇ ನೋಡುತ್ತಾ ನಿಂತಿದ್ದೆ.

ನನಗೆ ಗುಟ್ಕಾ ಅಭ್ಯಾಸ. ಹದಿನೆಂಟು ವರ್ಷದ್ದು. ಬಿಡಲು ನನ್ನಿಂದ ಆಗದು ಎಂದು ಮೊದಲೇ ಹೇಳಿದ್ದೆ. ಭಟ್ರು, “ಬಿಡು ಎಂದು ಯಾರು ಹೇಳಿದರು ಮಾರಾಯ?” ಎಂದರು.

ಕಾರ್ಕಳದಲ್ಲಿ ಒಂದು ಗೃಹಪ್ರವೇಶ. ಬೆಳಿಗ್ಗೆ ಗುಟ್ಕಾವನ್ನು ಕೆನ್ನೆಯಲ್ಲಿ ಅಡಗಿಸಿ ಕಾಯಿ ತುರಿಯುತ್ತಿದ್ದೆ. ಭಟ್ರು ಒಲೆಯ ಹತ್ತಿರದಿಂದ ಕೇಳಿದರು, “ನಿನ್ನ ಅಜ್ಜಿಯ ತವರು ಎಲ್ಲಿ ಮಾಣಿ?”

ಬಾಯಿ ತುಂಬ ರಸ. ಹೊರಗೆ ಓಡಿ ಉಗಿದು ಬಂದು, “ಹಿರಿಯಡ್ಕ” ಎಂದೆ.

“ಎಂಜಲು ಆಯಿತಲ್ಲ. ಸ್ನಾನ ಮಾಡಿ ಬಾ.”

ಬಾವಿಯ ತಣ್ಣೀರು ಹೊಯ್ದುಕೊಂಡು ಬಂದೆ. ಕದ್ದು ಇನ್ನೊಂದು ಚಿಟಿಕೆ ಹಾಕಿದೆ. “ಹಿರಿಯಡ್ಕದಲ್ಲಿ ಯಾರ ಮನೆ?” ಮತ್ತೆ ಉಗಿ, ಮತ್ತೆ ಸ್ನಾನ. ಅಜ್ಜಿಯ ಏಳು ತಲೆಮಾರು ಮುಗಿಯುವ ಹೊತ್ತಿಗೆ ನನಗೆ ಏಳು ಸ್ನಾನ ಆಗಿತ್ತು. ಹಲ್ಲು ಕಟಕಟ. ಉಳಿದ ಪ್ಯಾಕೆಟನ್ನು ನಾನೇ ಒಲೆಗೆ ಹಾಕಿದೆ. ಅಂದಿನಿಂದ ಮುಟ್ಟಿಲ್ಲ.

ಮನೆಯ ಯಜಮಾನರು ಇದನ್ನೆಲ್ಲ ಜಗಲಿಯಿಂದ ನೋಡುತ್ತಾ ಇದ್ದರು. ನಾವು ಹೊರಡುವಾಗ ಭಟ್ರ ಕೈ ಹಿಡಿದು ಹೇಳಿದರು, “ಈ ಕಾಲದಲ್ಲಿ ಇಂಥ ಆಚಾರವಂತರನ್ನು ಎಲ್ಲಿಂದ ಹುಡುಕಿದಿರಿ?”

೨. ಮುಷ್ಟಿಯ ತೂಕ

ಮಣಿಪಾಲದಲ್ಲಿ ಒಂದು ಉಪನಯನ. ಹುಡುಗನ ಸೋದರಮಾವ ಕಾಲೇಜಿನಲ್ಲಿ ಪಾಠ ಹೇಳುವವರು. ಸಾರಿನ ಲೆಕ್ಕ ಬರೆದುಕೊಳ್ಳಬೇಕೆಂದು ಪುಸ್ತಕ, ಸಣ್ಣ ತಕ್ಕಡಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತರು.

ಭಟ್ರು ಬಾಳೆಲೆಯ ಮೇಲೆ ಮೂರು ಮುಷ್ಟಿ ಉಪ್ಪು ಬೇರೆ ಬೇರೆ ಹಾಕಿದರು. ತೂಗಿ ನೋಡಿದರೆ ಮೂರೂ ಒಂದೇ. ಮಾವನವರು ತಕ್ಕಡಿ ಕೆಟ್ಟಿದೆ ಎಂದು ಅಲ್ಲಾಡಿಸಿದರು. “ನೀವೂ ಹಾಕಿ” ಎಂದು ನನಗೆ ಹೇಳಿದರು. ನನ್ನ ಮೂರು ಮುಷ್ಟಿಯಲ್ಲಿ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

“ತಕ್ಕಡಿ ಸರಿ ಉಂಟು” ಎಂದು ಅವರಿಗೆ ಸಮಾಧಾನ ಆಯಿತು.

ಭಟ್ರು ಕೊಪ್ಪರಿಗೆಗೆ ಎರಡು ಮುಷ್ಟಿ ಹಾಕಿದರು. ಮೂರನೆಯದನ್ನು ಅರ್ಧ ಸುರಿದು, ಆವಿಯ ಆಚೆ ನಿಂತ ನನ್ನನ್ನೊಮ್ಮೆ ನೋಡಿ ಕೈ ಹಿಂದೆ ತೆಗೆದರು. ಊಟದಲ್ಲಿ ಸಾರು ಅಮೃತ. ದೇವರ ಮುಂದೆ ನಿಂತ ಹಾಗೆ ಆಯಿತು ನನಗೆ. ಈ ಕೈ ಎಲ್ಲಿ, ನನ್ನದು ಎಲ್ಲಿ.

ಮಾವನವರ ಪುಸ್ತಕದಲ್ಲಿ ಕೊನೆಯ ಸಾಲು ಓದಿದೆ: “ಉಪ್ಪು ಎರಡೂವರೆ ಮುಷ್ಟಿ. ಮುಷ್ಟಿ ಭಟ್ರದ್ದೇ ಆಗಬೇಕು.”

೩. ಕಪ್ಪು ಕನ್ನಡಕ

ಕಾಪುವಿನಲ್ಲಿ ಒಬ್ಬರ ಷಷ್ಟ್ಯಬ್ದ. ನಾಲ್ಕು ದಿನ ಮೊದಲು ಭಟ್ರಿಗೆ ಕಣ್ಣಿನ ಪೊರೆ ತೆಗೆದಿದ್ದರು. ಹೊಗೆ ತಾಗಬಾರದು. ಕಪ್ಪು ಕನ್ನಡಕ ಹಾಕಿ ಚಪ್ಪರದ ಆಚೆ ಕುರ್ಚಿಯಲ್ಲಿ ಕೂತರು. ನಾನು ಉಪ್ಪಿನ ಪಾತ್ರೆ ಹಿಡಿದು ಹೋಗಿ, “ಮೂಗಿಗೆ ಹೊಗೆಯ ತೊಂದರೆ ಇಲ್ಲವಲ್ಲ, ಕಣ್ಣು ಮುಚ್ಚಿ ಬನ್ನಿ, ಕೈ ಹಿಡಿದು ಕರಕೊಂಡು ಹೋಗುತ್ತೇನೆ” ಎಂದೆ.

“ಇವತ್ತು ಉಪ್ಪು ನಿನ್ನದು.”

“ನನ್ನಿಂದ ಆಗದು ಭಟ್ರೇ.” ಚೀಲ ಮೂಲೆಯಲ್ಲೇ ಇತ್ತು, ಮಂಗಳೂರಿನ ಬಸ್ಸು ರಸ್ತೆಯಲ್ಲೇ. ನಾನು ಓಡಿದರೆ ಮುನ್ನೂರು ಜನರೆದುರು ಅವರ ನಲವತ್ತು ವರ್ಷದ ಹೆಸರು ಮಣ್ಣು. ಆದರೂ ಕಾಲು ಆಚೆಗೇ ಎಳೆಯುತ್ತಿತ್ತು. “ನಿಮ್ಮ ಮೂಗು ನನಗಿಲ್ಲ” ಎಂದೆ.

ಭಟ್ರು ನನ್ನ ಕೈಯಿಂದ ಇಂಗಿನ ಡಬ್ಬಿ ತರಿಸಿ, ಒಂದು ಗಟ್ಟಿಯನ್ನು ತಮ್ಮ ಮೂಗಿಗೆ ಒತ್ತಿ ಹಿಡಿದರು. “ಕೊರೊನಾ ಬಂದು ಹೋದಲ್ಲಿಂದ ನನಗೆ ಇಂಗೂ ಒಂದೇ, ಜಲ್ಲಿಕಲ್ಲೂ ಒಂದೇ.”

“ಮತ್ತೆ ಇಷ್ಟು ದಿನ?”

“ನೀನು ಕೊಪ್ಪರಿಗೆಯ ಆಚೆ ನಿಲ್ಲುತ್ತೀಯಲ್ಲ. ಉಪ್ಪು ಕಡಿಮೆ ಆದರೆ ನಿನ್ನ ಎಡ ಹುಬ್ಬು ಮೇಲೆ. ಹುಳಿ ಹೆಚ್ಚಾದರೆ ಮೂಗು ಓರೆ. ಎಲ್ಲ ಸರಿಯಾದರೆ ಹೊಟ್ಟೆ ಕೆರೆದುಕೊಳ್ಳುತ್ತೀ. ಬಂದ ವಾರವೇ ಕಂಡುಹಿಡಿದೆ. ಆ ಮೂಗು ಹಾಳಾಗಬಾರದೆಂದೇ ಗುಟ್ಕಾ ಬಿಡಿಸಿದ್ದು.”

“ನನ್ನ ಮುಖ ನನಗೆ ಕಾಣುವುದಿಲ್ಲವಲ್ಲ” ಎಂದೆ.

“ಅದರ ಒಳಗೆ ಇರುವವನು ನೀನೇ ಅಲ್ವಾ? ಹೋಗು, ಸಾರು ಮರಳುತ್ತಾ ಉಂಟು.”

ಹೋದೆ. ಒಂದು ಮುಷ್ಟಿ ಹಾಕಿದೆ, ಇನ್ನೂ ಸಪ್ಪೆ ಎಂದು ತಿಳಿಯಿತು. ಎಷ್ಟು ಸ್ಪಷ್ಟವಾಗಿ ತಿಳಿಯಿತೆಂದರೆ, ಯಾರೋ ಕಿವಿಯಲ್ಲಿ ಹೇಳಿದ ಹಾಗೆ. ಇನ್ನೊಂದು, ಮತ್ತೊಂದು ಚೂರು. ಕೈ ತಾನಾಗಿ ಹೊಟ್ಟೆಗೆ ಹೋಯಿತು. ಕೆರೆಯುತ್ತಾ ನಿಂತವನು ಅತ್ತೇಬಿಟ್ಟೆ. ಹೊಗೆ ಎಂದು ಎಲ್ಲರೂ ತಿಳಿದುಕೊಂಡರು.

ಪಂಕ್ತಿಯಲ್ಲಿ ಉಪ್ಪಿನ ಬಟ್ಟಲು ಹಿಡಿದು ಓಡಾಡುವವನನ್ನು ಯಾರೂ ಕರೆಯಲಿಲ್ಲ. ಸಾರು ಮೂರು ಸಲ ಹೋಯಿತು. ಯಜಮಾನರು ಭಟ್ರ ಕುರ್ಚಿಯ ಹತ್ತಿರ ಬಂದು, “ಚಪ್ಪರದ ಆಚೆ ಕೂತೇ ಪರಿಮಳ ಹಿಡಿದಿರಲ್ಲ ಭಟ್ರೇ!” ಎಂದು ಕಾಲಿಗೆ ಬಿದ್ದರು. ಭಟ್ರು ಗಂಭೀರವಾಗಿ ಆಶೀರ್ವಾದ ಮಾಡಿದರು.

೪. ಹೊಸಬ

ಹೆಬ್ರಿಯಲ್ಲಿ ಮೂರು ಊಟದ ಅಡುಗೆ ನಾನೇ ಒಪ್ಪಿಕೊಂಡಿದ್ದೇನೆ. ಮುಖ್ಯ ಅಡುಗೆಯವನಾಗಿ. ಈಗ ಬಟ್ಟೆ ಚೀಲಕ್ಕೆ ತುಂಬಿಸುತ್ತಾ ಇದ್ದೇನೆ. ಹೇಳಿ ಹೊರಡುತ್ತಿರುವುದು ಇದೇ ಮೊದಲು.

ಭಟ್ರ ಕಣ್ಣು ಚೊಕ್ಕ ಆಗಿದೆ. ನನ್ನ ಜಾಗಕ್ಕೆ ಬೆಳಗಿನಿಂದ ಜನ ನೋಡುತ್ತಿದ್ದಾರೆ. ಈಗ ಬಂದವರು ಹದಿನೈದು ವರ್ಷ ಮುಂಬೈಯ ಹೋಟೆಲುಗಳಲ್ಲಿ ಬೇಯಿಸಿದವರು. ಭಟ್ರು ಬೇಕೆಂದೇ ಉಪ್ಪು ಹಾಕದ ಸಾರನ್ನು ಅವರ ಮೂಗಿನ ಕೆಳಗೆ ಹಿಡಿದು, ಅವರ ಹುಬ್ಬನ್ನೇ ನೋಡುತ್ತಾ ನಿಂತಿದ್ದಾರೆ. ಹುಬ್ಬು ಅಲ್ಲಾಡಲಿಲ್ಲ.

“ಉಪ್ಪು ಹಾಕಿಲ್ಲ, ಅಲ್ವಾ ಭಟ್ರೇ?” ಎಂದರು ಆ ಮನುಷ್ಯ, ಪರಿಮಳದಲ್ಲೇ ಹಿಡಿದು.

“ಸರಿ ಹೇಳಿದಿರಿ” ಎಂದು ಭಟ್ರು ಪಾತ್ರೆ ಕೆಳಗಿಟ್ಟರು. “ಆದರೆ ನೀವು ಆಗುವುದಿಲ್ಲ. ನಿಮ್ಮ ಮುಖದಲ್ಲಿ ಎಂತದೂ ಕಾಣುವುದಿಲ್ಲ.”